ಹನಮಪ್ಪ ಪೈಲ್ವಾನರ ಕೆಂಪು ಕೋಟು

ಬೆಟಗೇರಿ,
೩೦ ಫೆಬ್ರವರಿ ೨೧೯೧

ನೂರ ಅರವತ್ತೈದು ವರ್ಷಗಳ ಹಿಂದೆ ಬದುಕುತ್ತಿರುವ ನಿಮಗೆ ನೀಲಗಂಗಾ ಕಟಿಗೇರ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಕೈತಪ್ಪು ಅಂದುಕೊಳ್ಳಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿಯುವ ಐದು ದಿನಗಳನ್ನು ಯಾವ ತಿಂಗಳಿಗೂ ಸೇರಿಸದೆ ವರ್ಷದ ಕೊನೆಗೆ ಇಟ್ಟಿದ್ದೇವೆ, ಅವಕ್ಕೆ ‘ಬಿಡುದಿನ’ ಅನ್ನುತ್ತೇವೆ. ನನ್ನ ಮಾತುಗಳಲ್ಲಿ ಇಂಥವು ಇನ್ನೂ ಕೆಲವು ಬರುತ್ತವೆ, ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ಹಳೆಯ ಮುದ್ರಿತ ಪುಸ್ತಕಗಳಿಂದ ಕಲಿತು ಬರೆಯುತ್ತಿದ್ದೇನೆ. ಈ ಕಾಗದ ನಿಮ್ಮ ಕೈಗೆ ಬರುವುದು ‘ಹಿಂದಂಚೆ’ಯ ಮೂಲಕ. ಅದು ಹೇಗೆ ನಡೆಯುತ್ತದೋ ನನಗೆ ತಿಳಿಯದು. ಒಬ್ಬ ಮನುಷ್ಯನಿಗೆ ಇಡೀ ಆಯುಷ್ಯದಲ್ಲಿ ಒಂದೇ ಕಾಗದ ಎಂಬ ನಿಯಮ ಮಾತ್ರ ಎಲ್ಲರಿಗೂ ಗೊತ್ತು. ಜನ ಅದನ್ನು ಮುತ್ತಜ್ಜಿಗೋ ಮುತ್ತಜ್ಜನಿಗೋ ಬರೆಯುತ್ತಾರೆ. ನನ್ನದನ್ನು ಗುರುತಿಲ್ಲದ ನಿಮಗೆ ಬರೆಯುತ್ತೇನೆ ಎಂದಾಗ ನನ್ನ ತಂಗಿ, “ನಿನಗ ತಲಿ ಕೆಟ್ಟೈತಿ,” ಎಂದಳು. ಕೆಟ್ಟಿರಬಹುದು. ಎರಡು ದಿನದಿಂದ ಸರಿಯಾಗಿ ಊಟವೂ ಸೇರಿಲ್ಲ, ಅಷ್ಟು ಖುಷಿಯಾಗಿದ್ದೇನೆ.

ಮೊದಲು ನಮ್ಮ ಬಟ್ಟೆಯ ವಿಷಯ ಹೇಳಬೇಕು. ಇಲ್ಲಿ ಪ್ರತಿ ಮನೆಯ ಗೋಡೆಯಲ್ಲೂ ಒಂದು ಉಡುಪೆಟ್ಟಿಗೆ ಇರುತ್ತದೆ, ನಿಮ್ಮ ಕಾಲದ ಬಟ್ಟೆ ಕಪಾಟಿನಷ್ಟು ದೊಡ್ಡದು. ಬೆಳಗ್ಗೆ ಅದರ ಮುಂದೆ ನಿಂತರೆ ಮೈಯ ಲೆಕ್ಕ ತೆಗೆದುಕೊಂಡು ಆ ದಿನದ ಅಂಗಿಯನ್ನು ಅಚ್ಚು ಹಾಕಿ ಕೊಡುತ್ತದೆ. ಸಂಜೆ ಅದೇ ಅಂಗಿಯನ್ನು ಒಳಗೆ ಹಾಕಿದರೆ ಕರಗಿಸಿ ನಾಳಿನ ಅಂಗಿಗೆ ಹಿಟ್ಟು ಮಾಡಿಕೊಳ್ಳುತ್ತದೆ. ತೊಳೆಯುವ ಕೆಲಸವಿಲ್ಲ, ಮಡಚುವ ಕೆಲಸವಿಲ್ಲ, ಹರಿದರೆ ದುಃಖವಿಲ್ಲ. ಪೆಟ್ಟಿಗೆಗೆ ಅರವತ್ತನಾಲ್ಕು ಮೈಮಾದರಿಗಳು ಗೊತ್ತು. ನೀವು ಹೇಗೇ ಇರಿ, ಅದು ನಿಮ್ಮನ್ನು ಆ ಅರವತ್ತನಾಲ್ಕರಲ್ಲಿ ಒಂದಕ್ಕೆ ಸೇರಿಸುತ್ತದೆ. ಈ ಪೆಟ್ಟಿಗೆಗಳ ರಿಪೇರಿಯೇ ನನ್ನ ಉದ್ಯೋಗ. ಹದಿನಾಲ್ಕು ವರ್ಷದಿಂದ ಗದಗ-ಬೆಟಗೇರಿಯ ಎಷ್ಟೋ ಮನೆಗಳ ಪೆಟ್ಟಿಗೆ ಬಿಚ್ಚಿ ಜೋಡಿಸಿದ್ದೇನೆ. ಕಳೆದ ವರ್ಷದವರೆಗೆ ಸೂಜಿಯನ್ನು ಮಾತ್ರ ಕೈಯಲ್ಲಿ ಹಿಡಿದಿರಲಿಲ್ಲ.

ಹೋದ ಜೂನಿನಲ್ಲಿ ಕಚೇರಿಯಿಂದ ಒಂದು ದೂರು ಬಂತು. ಬೆಟಗೇರಿಯ ಹಳೆಯ ಮಗ್ಗದ ಶೆಡ್ಡೊಂದರಲ್ಲಿ ಎಂಟು ತಿಂಗಳಿಂದ ಪೆಟ್ಟಿಗೆ ಒಂದು ಅಂಗಿಯನ್ನೂ ಕೊಟ್ಟಿಲ್ಲ, ಕೆಟ್ಟಿರಬೇಕು, ಹೋಗಿ ನೋಡು ಎಂದರು. ಹೋದೆ. ಬಾಗಿಲು ತಳ್ಳಿದರೆ ಒಳಗೆ ಹತ್ತು ಹನ್ನೆರಡು ಜನ. ಕೆಲವರು ನೆಲದ ಮೇಲೆ ಬಟ್ಟೆ ಹರಡಿಕೊಂಡು ಸುಣ್ಣದ ಕಡ್ಡಿಯಿಂದ ಗೆರೆ ಎಳೆಯುತ್ತಿದ್ದರು, ಕೆಲವರು ಕಾಲಲ್ಲಿ ತುಳಿಯುವ ಯಂತ್ರದ ಮುಂದೆ ಬಾಗಿದ್ದರು. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಒಬ್ಬೊಬ್ಬರ ಮೈಮೇಲೂ ನಾನು ಹಿಂದೆಂದೂ ನೋಡದ ಅಂಗಿ. ಒಂದರಂತೆ ಇನ್ನೊಂದಿಲ್ಲ. ಬಾಗಿಲಲ್ಲೇ ನಿಂತುಬಿಟ್ಟೆ.

“ಪೆಟಗಿ ರಿಪೇರಿಗೆ ಬಂದೇನ್ರಿ,” ಎಂದೆ.

ಮೂಲೆಯಲ್ಲಿ ಗುಂಡಿ ಹಚ್ಚುತ್ತಿದ್ದ ಎಪ್ಪತ್ತರ ಮೇಲಿನ ಹೆಂಗಸು ಕನ್ನಡಕದ ಮೇಲಿಂದ ನೋಡಿದರು. ಅವರೇ ಚಾಂದಬಿ ಆಪಾ (ಆಪಾ ಅಂದರೆ ಅಕ್ಕ), ಆ ಜಾಗ ಕಟ್ಟಿದವರು. ಅಜ್ಜಿಯಿಂದ ಹೊಲಿಗೆ ಕಲಿತು ಅದನ್ನು ಬಿಡದೆ ಉಳಿಸಿಕೊಂಡವರು ಊರಿಗೆಲ್ಲ ಅವರೊಬ್ಬರೇ. “ಅದಕ್ಕೇನೂ ಆಗಿಲ್ಲ, ಚಲೋ ಐತಿ,” ಎಂದರು. “ನಮಗ ಬ್ಯಾಡ, ಅಷ್ಟ.”

ಪೆಟ್ಟಿಗೆ ತೆರೆದೆ. ಒಳಗೆ ದಾರದ ಉಂಡೆಗಳು, ಗುಂಡಿಯ ಡಬ್ಬಿಗಳು, ಯಾರದೋ ಮಧ್ಯಾಹ್ನದ ಬುತ್ತಿ. ನನಗೆ ಸಿಟ್ಟೂ ಬಂತು, ನಗುವೂ ಬಂತು. ಅಷ್ಟರಲ್ಲಿ ಆಪಾ ಎದ್ದು ಬಂದು ನನ್ನ ಸುತ್ತ ಒಂದು ಸುತ್ತು ಹಾಕಿದರು.

“ನಿನ್ನ ಎಡಾ ಭುಜ ಒಂದೂವರಿ ಇಂಚ ತಗ್ಗೈತಿ,” ಎಂದರು. “ಸಣ್ಣಾಕಿ ಇದ್ದಾಗ ಬಿದ್ದಿದ್ದೇನು?”

ಏಳು ವರ್ಷದವಳಿದ್ದಾಗ ನೀರಿನ ಟಾಕಿಯ ಮೇಲಿಂದ ಬಿದ್ದಿದ್ದೆ. ಅದು ನನ್ನ ತಾಯಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು. ಪೆಟ್ಟಿಗೆಗೆ ಗೊತ್ತಿರಲಿಲ್ಲ. ದಿನವೂ ಅದು ಎರಡೂ ಭುಜ ಸಮವಿರುವ ಅಂಗಿ ಕೊಡುತ್ತಿತ್ತು, ದಿನವೂ ನಾನು ಕೊರಳಪಟ್ಟಿಯನ್ನು ಬಲಕ್ಕೆ ಎಳೆದುಕೊಳ್ಳುತ್ತಿದ್ದೆ. ಮೂವತ್ತು ವರ್ಷ ಹಾಗೆ ಎಳೆದುಕೊಂಡಿದ್ದು ನನಗೇ ಅವತ್ತು ಅರಿವಾಯಿತು.

“ನನಗ ಒಂದು ಹೊಲದು ಕೊಡ್ತೀರೇನ್ರಿ ಆಪಾ?” ಎಂದು ಕೇಳಿಬಿಟ್ಟೆ.

“ಇಲ್ಲಿ ಯಾರೂ ಯಾರಿಗೂ ಮೊದಲನೇ ಅಂಗಿ ಹೊಲದು ಕೊಡಂಗಿಲ್ಲ. ಕುಂದ್ರು. ನೀನ ಹೊಲಿ.”

ಕೂತೆ. ಕಚೇರಿಗೆ ಬರೆಯಬೇಕಾದ ವರದಿಯಲ್ಲಿ ‘ಕೆಟ್ಟಿದೆ’ ಮತ್ತು ‘ಸರಿಯಿದೆ’ ಎಂದು ಗುರುತು ಹಾಕುವ ಎರಡೇ ಮನೆಗಳಿದ್ದವು. ಪಕ್ಕದಲ್ಲಿ ನನ್ನ ಕೈಯಾರೆ ‘ಸರಿಯಿದೆ, ಇವರಿಗೆ ಬೇಕಿಲ್ಲ’ ಎಂದು ಬರೆದೆ. ನನ್ನ ಮೇಲಿನವರು ಎರಡು ಸಲ ಕರೆಸಿ, ಬೇಕಿಲ್ಲ ಅಂದರೆ ಏನರ್ಥ ಎಂದು ಕೇಳಿದರು. ಕೊನೆಗೆ ಪೆಟ್ಟಿಗೆಯನ್ನೇ ಕಿತ್ತುಕೊಂಡು ಹೋದರು. ಆ ಜಾಗದಲ್ಲಿ ಬಟ್ಟೆ ಕತ್ತರಿಸುವ ಇನ್ನೊಂದು ಮೇಜು ಹಿಡಿಯಿತು.

ಆ ಶೆಡ್ಡಿಗೆ ‘ಹೊಲಿಗಿ ಚಾವಡಿ’ ಎಂದು ಹೆಸರು. ಅಲ್ಲಿ ಗುರುಗಳಿಲ್ಲ, ಬಂದವರೆಲ್ಲ ಗೊತ್ತಿದ್ದುದನ್ನು ಗೊತ್ತಿಲ್ಲದವರಿಗೆ ಹೇಳಿಕೊಡಬೇಕು. ತೋಂಟೇಶ ಎಂಬ ಹುಡುಗ, ಹುಡುಗ ಅಂದರೆ ಮೂವತ್ತರವನು, ಮಗ್ಗದ ಹಳೆಯ ಬಿಡಿಭಾಗಗಳನ್ನು ಹುಡುಕಿ ಜೋಡಿಸಿ ನೇಯುವುದನ್ನು ತಾನೇ ಕಲಿತವನು. ನಮ್ಮ ಬಟ್ಟೆಯೆಲ್ಲ ಅವನದೇ. ನಮ್ಮ ಕಾಲದಲ್ಲಿ ಬಿಸಿಲು ಬಹಳ, ಹನ್ನೊಂದರಿಂದ ನಾಲ್ಕರವರೆಗೆ ಯಾರೂ ಹೊರಬೀಳುವುದಿಲ್ಲ. ಉಳಿದ ಹೊತ್ತಿನಲ್ಲಿ ಮಾಳಿಗೆಯಿಂದ ಮಾಳಿಗೆಗೆ ಬಳ್ಳಿ ಹಬ್ಬಿಸಿದ ನೆರಳುಬೀದಿಗಳಲ್ಲಿ ಓಡಾಡುತ್ತೇವೆ. ಆ ಐದು ತಾಸು ಉಳಿದವರು ಮನೆಯಲ್ಲಿ ಮಲಗಿದರೆ ನಾವು ಚಾವಡಿಯಲ್ಲಿ ಹೊಲಿಯುತ್ತೇವೆ. ಕಪ್ಪತಗುಡ್ಡದ ಕಡೆಯ ಗಾಳಿ ಬಂತೆಂದರೆ ಕತ್ತರಿಸಿಟ್ಟ ತುಂಡುಗಳೆಲ್ಲ ಹಾರಾಡಿ, ಎಲ್ಲರೂ ಎಲ್ಲರ ತೋಳು ಕಾಲರುಗಳನ್ನು ಹಿಡಿಯಲು ಓಡಬೇಕು. ಆಮೇಲೆ ತಿನ್ನಲು ಗಿರ್ಮಿಟ್ಟು, ಮಿರ್ಚಿ. ಹೌದು, ಅವು ಇನ್ನೂ ಇವೆ. ನೀವು ಚಿಂತೆ ಮಾಡಬೇಡಿ.

ನನ್ನ ಮೊದಲ ಅಂಗಿಗೆ ಮೂರು ವಾರ ಹಿಡಿಯಿತು. ಹಾಕಿಕೊಂಡು ನೋಡಿದರೆ ಬಲಗೈ ತಿರುಚಿಕೊಂಡು ಹಿಂದಕ್ಕೆ ಹೋಗುತ್ತಿತ್ತು. ಎರಡೂ ತೋಳುಗಳನ್ನು ಎಡಗೈಗೇ ಕತ್ತರಿಸಿದ್ದೆ. ತೋಂಟೇಶ ನಕ್ಕು ನಕ್ಕು ಕಾಲು ಇಳಿಬಿಡುವ ಮಗ್ಗದ ಗುಂಡಿಯೊಳಗೆ ಕೂತುಬಿಟ್ಟ. ನನ್ನ ಕಣ್ಣಲ್ಲಿ ನೀರು ಬಂತು. ಆಪಾ ಮಾತ್ರ ಅಂಗಿಯನ್ನು ಎಳೆದು ಸರಿಮಾಡಿ, “ಭುಜ ನೋಡು, ಹೆಂಗ ಕುಂತಾವ,” ಎಂದರು. “ಬಿಚ್ಚಬ್ಯಾಡ. ಇದನ್ನ ಹಾಕ್ಕೊಂಡ ಬಜಾರಕ್ಕ ಹೋಗಿ ಉಳ್ಳಾಗಡ್ಡಿ ತಗೊಂಡ ಬಾ.”

ನಾಚಿಕೆಯಿಂದ ತಲೆ ತಗ್ಗಿಸಿಕೊಂಡೇ ಹೋದೆ. ಈರುಳ್ಳಿ ಮಾರುವವಳು ತಕ್ಕಡಿ ಕೆಳಗಿಟ್ಟು ನನ್ನ ತೋಳು ಮುಟ್ಟಿ ನೋಡಿದಳು. “ಯವ್ವಾ, ಇದು ಯಾವ ಪೆಟಗಿಯೊಳಗ ಬರ್ತೈತ್ರಿ?”

“ಪೆಟಗಿಯೊಳಗ ಬರಂಗಿಲ್ಲ. ನಾನ ಹೊಲದೇನಿ,” ಎಂದೆ. ಹೇಳುವಾಗ ನನ್ನ ದನಿ ಎಷ್ಟು ಏರಿತ್ತೆಂದರೆ ಪಕ್ಕದ ಅಂಗಡಿಯವರೂ ತಿರುಗಿ ನೋಡಿದರು. ಹದಿನಾಲ್ಕು ವರ್ಷ ಬೇರೆಯವರು ಮಾಡಿದ್ದನ್ನು ಸರಿಮಾಡುತ್ತ ಬಂದವಳು ನಾನು. ‘ನಾನು ಮಾಡಿದೆ’ ಅನ್ನುವ ಮಾತು ನನ್ನ ಬಾಯಿಂದ ಬಂದಿದ್ದು ಅದೇ ಮೊದಲು.

ಚಾವಡಿಯವರು ವರ್ಷಕ್ಕೊಮ್ಮೆ, ಫೆಬ್ರವರಿ ಇಪ್ಪತ್ತೆಂಟರ ಬೆಳಗ್ಗೆ, ‘ನಡಿಗೆ’ ಮಾಡುತ್ತಾರೆ. ಒಬ್ಬೊಬ್ಬರೂ ಚಾವಡಿಗೆ ಸೇರದ ಒಬ್ಬ ಊರವರಿಗೆ ಬಟ್ಟೆ ಹೊಲಿದು ಕೊಡಬೇಕು, ಅವರು ಅದನ್ನು ಹಾಕಿಕೊಂಡು ಊರ ಬೀದಿಯಲ್ಲಿ ನಡೆಯಬೇಕು. ಆದರೆ ಬಟ್ಟೆ ಬೇಕೆಂದು ಅವರೇ ಕೇಳಬೇಕು, ನಾವು ಯಾರನ್ನೂ ಒತ್ತಾಯಿಸುವಂತಿಲ್ಲ. ಡಿಸೆಂಬರಿನವರೆಗೆ ನನ್ನನ್ನು ಯಾರೂ ಕೇಳಲಿಲ್ಲ. ಎರಡು ಎಡತೋಳಿನ ಕಥೆ ಊರೆಲ್ಲ ಹಬ್ಬಿತ್ತು. ಒಂದು ದಿನ ಚಾವಡಿಯ ಹಿಂದಿನ ಓಣಿಯ ಗೌರಕ್ಕ ಬಂದು, “ನಮ್ಮಪ್ಪ ನಿಮ್ಮನ್ನ ಕರಿತಾನ್ರಿ,” ಎಂದಳು.

ಅವಳ ಅಪ್ಪ ಹನಮಪ್ಪ ಪೈಲ್ವಾನರು. ಎಪ್ಪತ್ತೊಂಬತ್ತು ವರ್ಷ. ಒಂದು ಕಾಲಕ್ಕೆ ಈ ಸೀಮೆಯಲ್ಲಿ ಅವರ ಬೆನ್ನನ್ನು ಮಣ್ಣಿಗೆ ಹಚ್ಚಿದವರು ಕಡಿಮೆ. ಈಗ ಆ ಬೆನ್ನು ಬಾಗಿತ್ತು. ಕೊರಳು ಮಾತ್ರ ಇನ್ನೂ ಕಂಬದ ಹಾಗೆ ದಪ್ಪ, ಸೊಂಟ ಸಣ್ಣ, ಒಂದು ರಟ್ಟೆ ಇನ್ನೊಂದಕ್ಕಿಂತ ಉಬ್ಬು. ಪೆಟ್ಟಿಗೆ ಅವರನ್ನು ‘ಐವತ್ತೆಂಟನೆಯ ಮಾದರಿ, ವೃದ್ಧ, ಸಾಧಾರಣ’ ಎಂದು ಗುರುತಿಸಿ, ಜೋತುಬೀಳುವ ಬೂದಿಬಣ್ಣದ ಅಂಗಿ ಕೊಡುತ್ತಿತ್ತು. ಮಗಳು, ಅಳಿಯ, ಮೊಮ್ಮಕ್ಕಳು ತುಂಬಿದ ಮನೆ ಅದು. ಆದರೂ ಅವರು ಆರು ವರ್ಷದಿಂದ ಹೊಸ್ತಿಲು ದಾಟಿರಲಿಲ್ಲ.

“ನನಗ ಕೋಟ ಬೇಕವಾ ಮಗಳ,” ಎಂದರು. “ಕೆಂಪಂದು. ದಾಳಿಂಬಿ ಹೂವಿನಂಥಾ ಕೆಂಪು.”

“ಯಾವ್ದರ ಮದಿವಿ ಐತೇನ್ರಿ ಕಾಕಾ?”

“ಮದಿವಿ ಅಲ್ಲ. ಗರಡಿ ಮನಿ ಮುಂದ ಹಾದು ಹೋಗಬೇಕು. ಆ ರಾಚಪ್ಪ ಕಟ್ಟಿ ಮ್ಯಾಲ ಕುಂತಿರ್ತಾನ. ಅಂವಾ ನೋಡಬೇಕು.”

ರಾಚಪ್ಪ ಪೈಲ್ವಾನರೂ ಇವರೂ ಹರೆಯದಲ್ಲಿ ಹನ್ನೊಂದು ಸಲ ಕುಸ್ತಿ ಹಿಡಿದವರು. ಐದು ಇವರಿಗೆ, ಐದು ಅವರಿಗೆ, ಒಂದು ಸಮ. ಕಣದಲ್ಲಿ ವೈರಿಗಳು, ಹೊರಗೆ ಒಂದೇ ತಾಟಿನಲ್ಲಿ ಉಂಡವರು. ಈಗ ಮಂಡಿನೋವಿನಿಂದ ರಾಚಪ್ಪನವರು ಗರಡಿಯ ಕಟ್ಟೆ ಬಿಟ್ಟು ದೂರ ನಡೆಯಲಾರರು. ಇವರು ಹೋಗುತ್ತಿರಲಿಲ್ಲ. ಮೂರೇ ಓಣಿ ಅಂತರ, ಆರು ವರ್ಷದಿಂದ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

“ಯಾಕ ಹೋಗಿಲ್ಲರಿ ಕಾಕಾ?”

ಅವರು ಬೂದಿ ಅಂಗಿಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ತೋರಿಸಿದರು. “ಇದರೊಳಗ? ನಾ ಮುದುಕ ಆಗೇನಿ ಅನ್ನೂದು ಅಂವಂಗಿನ್ನೂ ಗೊತ್ತಿಲ್ಲವಾ.”

ಹೂಂ ಅಂದು ನೇರ ಚಾವಡಿಗೆ ಬಂದೆ. ಎಪ್ಪತ್ತು ವರ್ಷದಿಂದ ಬೆಟಗೇರಿಯಲ್ಲಿ ಯಾರೂ ಕೋಟು ಹೊಲಿದಿರಲಿಲ್ಲ. “ಆಪಾ, ನನಗ ಹೇಳಿಕೊಡ್ರಿ,” ಎಂದೆ.

“ನನಗ ಎಲ್ಲಿ ಕೋಟ ಬರ್ತೈತಿ? ನಮ್ಮ ಅಜ್ಜಿಗೂ ಬರ್ತಿರಲಿಲ್ಲ. ಇಬ್ಬರೂ ಕಲಿಯೂಣು ತಗೊ,” ಎಂದು ಆಪಾ ನಕ್ಕರು.

ಎರಡು ತಿಂಗಳು ಬೇರೆ ಯೋಚನೆಯೇ ಇರಲಿಲ್ಲ. ತೋಂಟೇಶ ಬಣ್ಣ ಹಾಕಿದ ನೂಲು ಮೊದಲು ಇಟ್ಟಿಗೆ ಬಣ್ಣವಾಯಿತು, ಆಮೇಲೆ ಗುಲಾಬಿಯಾಯಿತು, ಮೂರನೆಯ ಸಲ ಹಂಡೆಯಿಂದ ಎತ್ತಿದಾಗ ಇಡೀ ಚಾವಡಿ ಚಪ್ಪಾಳೆ ತಟ್ಟಿತು. ಪೈಲ್ವಾನರ ಕೊರಳಿಂದ ಸೊಂಟದವರೆಗೆ ಬೆನ್ನಿನ ಅಳತೆ ಎದೆಯ ಕಡೆಯ ಅಳತೆಗಿಂತ ನಾಲ್ಕು ಇಂಚು ಉದ್ದ ಬಂದಾಗ ನಾನು ತಪ್ಪಿದೆನೆಂದು ಮೂರು ಸಲ ಟೇಪು ಹಿಡಿದೆ. ಸರಿಯೇ ಇತ್ತು, ಬೆನ್ನು ಬಾಗಿದವರಿಗೆ ಬೆನ್ನಿಗೇ ಬಟ್ಟೆ ಹೆಚ್ಚು ಬೇಕು. ಕಚ್ಚಾ ಹೊಲಿಗೆ ಹಾಕಿದ ಕೋಟನ್ನು ಆರು ಸಲ ಅವರಿಗೆ ತೊಡಿಸಿ ಆರು ಸಲ ಬಿಚ್ಚಿದೆ. ಪ್ರತಿ ಸಲವೂ ಅವರು ಕದಲದೆ, ಫೋಟೋಕ್ಕೆ ನಿಂತವರ ಹಾಗೆ, ಎರಡೂ ಕೈ ಕೆಳಗೆ ಬಿಟ್ಟು ನಿಂತಿರುತ್ತಿದ್ದರು. ತಪ್ಪು ನಡೆದಿದ್ದೇ ಅಲ್ಲಿ. ನನಗೆ ಆಗ ಹೊಳೆಯಲಿಲ್ಲ, ಆಪಾಗೂ ಹೊಳೆಯಲಿಲ್ಲ.

ಮೊನ್ನೆ ನಡಿಗೆ. ಬೆಳಗ್ಗೆ ಆರಕ್ಕೆ ಹಲಗೆ ಬಾರಿಸಲು ಶುರುಮಾಡಿದರು. ಮೂವತ್ತಮೂರು ಜನ ನಡೆಯುವವರು, ಹಿಂದೆ ಹೊಲಿದ ನಾವು ಮೂವತ್ತಮೂರು ಜನ. ಹನಮಪ್ಪನವರು ಮಗಳ ಕೈ ಹಿಡಿದು ಹೊಸ್ತಿಲ ಮೇಲೆ ಒಂದು ಗಳಿಗೆ ನಿಂತರು. ಆಮೇಲೆ ಕೈ ಬಿಟ್ಟು ಬೀದಿಗೆ ಇಳಿದರು. ಬಳ್ಳಿಯ ನೆರಳಿನ ನಡುವೆ ಅಲ್ಲಲ್ಲಿ ಬಿದ್ದ ಬಿಸಿಲಿನಲ್ಲಿ ಆ ಕೆಂಪು ಹೊತ್ತಿಕೊಂಡು ಉರಿಯಿತು. ಬೆನ್ನು ಬಾಗಿಯೇ ಇತ್ತು, ಕೋಟು ಅದನ್ನು ಮುಚ್ಚಿಡಲೂ ಇಲ್ಲ, ಹಿಡಿದೆಳೆಯಲೂ ಇಲ್ಲ. ಮಾಳಿಗೆಯ ಮೇಲಿನ ಹೆಂಗಸರು, “ಯಾರ ಅದು? ಹನಮಪ್ಪ ಪೈಲ್ವಾನ್ರೇನ?” ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ನಾನು ಹಿಂದಿನಿಂದ ಬರೀ ಹೊಲಿಗೆಗಳನ್ನು ನೋಡುತ್ತ ನಡೆದೆ.

ಗರಡಿ ಬಂತು. ಕಟ್ಟೆಯ ಮೇಲೆ ರಾಚಪ್ಪನವರು ಕೋಲಿನ ಮೇಲೆ ಗದ್ದ ಊರಿ ಕೂತಿದ್ದರು. ಅವರ ಮೈಮೇಲೂ ಅದೇ ಬೂದಿಬಣ್ಣದ ಅಂಗಿ. ಹನಮಪ್ಪನವರು ಎದುರು ನಿಂತರು. ಹಲಗೆ ತಾನಾಗಿ ನಿಂತಿತು.

“ಯಾರಪಾ ಇಂವಾ, ಕೆಂಪ ಕೋಟಿನ್ಯಾವ?” ಎಂದರು ರಾಚಪ್ಪನವರು, ಕಣ್ಣು ಕಿರಿದು ಮಾಡಿ.

“ನಿಮ್ಮಪ್ಪ!” ಎಂದರು ಇವರು. ಹಾಗೆಂದವರೇ ಎರಡೂ ಕೈ ಮೇಲೆತ್ತಿ, ಕುಸ್ತಿಗೆ ಕರೆಯುವವರ ಹಾಗೆ, ರಟ್ಟೆಗೆ ಪಟಾರನೆ ಶಡ್ಡು ಹೊಡೆದರು.

ಚರ್ರ್ ಎಂದಿತು. ಬಲ ಬಗಲಿನಿಂದ ಬೆನ್ನಿನ ಅರ್ಧದವರೆಗೆ ಕೋಟು ಬಿಚ್ಚಿಕೊಂಡಿತು. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಆರು ವರ್ಷಕ್ಕೆ ಹೊರಬಂದ ಮನುಷ್ಯನ ಮಾನವನ್ನು ನಡುಬೀದಿಯಲ್ಲಿ ನಾನೇ ಕಳೆದೆ ಎಂದುಕೊಂಡೆ.

ಹನಮಪ್ಪನವರು ಕೈ ಹಿಂದೆ ಚಾಚಿ ಹರಿದ ಜಾಗವನ್ನು ತಡವಿ ನೋಡಿದರು. ಎರಡು ಬೆರಳು ಒಳಗೆ ತೂರಿದವು. ಒಮ್ಮೆಲೇ ಅವರ ಮುಖ ಅರಳಿತು.

“ರಾಚ್ಯಾ! ಕೇಳಿದೇನಲೇ ಸಪ್ಪಳಾ? ನನ್ನ ಬೆನ್ನ ಇನ್ನೂ ಅರಿವಿ ಹರೀತೈತಲೇ!”

ರಾಚಪ್ಪನವರು ಕೋಲು ಬಿಟ್ಟು ನಕ್ಕರು. ಬೀದಿಯೇ ನಕ್ಕಿತು. ಗೌರಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಅವರ ಬಳಿ ಓಡಿ, ಚೀಲದಿಂದ ಸೂಜಿ ಕತ್ತರಿ ತೆಗೆದು ದಾರ ಪೋಣಿಸಿ, ತೊಟ್ಟಿದ್ದ ನನ್ನ ಹಳದಿ ಅಂಗಿಯ ಕೆಳಗಿನ ಅಂಚಿನಿಂದ ಚೌಕದ ಒಂದು ತುಂಡು ಕತ್ತರಿಸಿಕೊಂಡೆ. ಹರಿದ ಎರಡು ಅಂಚು ಕೂಡಿಸಿದರೆ ಕೈಯೆತ್ತಿದಾಗ ಮತ್ತೆ ಹರಿಯುತ್ತದೆ, ಬಗಲಿಗೆ ಹೆಚ್ಚಿನ ಬಟ್ಟೆ ಬೇಕು ಎಂಬುದು ಆ ಕ್ಷಣದಲ್ಲಿ ಹೊಳೆಯಿತು. “ಕಾಕಾ, ಕೈ ಮ್ಯಾಲ ಹಿಡೀರಿ,” ಎಂದೆ. ಎತ್ತಿದ ಕೈ ಸ್ವಲ್ಪ ಹೊತ್ತಿಗೆ ಸೋತು ಇಳಿಯತೊಡಗಿತು. ರಾಚಪ್ಪನವರು ಎದ್ದು ಬಂದು ಆ ಕೈಯನ್ನು ತಮ್ಮ ಹೆಗಲ ಮೇಲೆ ಇರಿಸಿಕೊಂಡರು.

“ಭಾರ ಆಗೀದೀಯಲ್ಲೋ ಹನಮ್ಯಾ.”

“ನೀ ಸಣ್ಣಾಗೀದಿ.”

ಇಬ್ಬರೂ ಹಾಗೇ ನಿಂತಿದ್ದರು. ನಾನು ಬೀದಿಯ ನಡುವೆ ನಿಂತು ಹೊಲಿದೆ. ಸುತ್ತ ಜನ ಮುತ್ತಿಕೊಂಡರು. ಬಟ್ಟೆಯ ಒಳಗೆ ಹೊಕ್ಕು ಹೊರಬರುವ ಸೂಜಿಯನ್ನು ಅವರಲ್ಲಿ ಎಷ್ಟೋ ಜನ ಹುಟ್ಟಿದಾಗಿನಿಂದ ನೋಡಿರಲಿಲ್ಲ. ಮುಗಿದ ಮೇಲೆ ಅವರು ಕೈಯೆತ್ತಿದರು. ಕೋಟು ಕೈಯ ಜೊತೆಗೆ ಹೋಯಿತು, ಕೈಯ ಜೊತೆಗೆ ಇಳಿಯಿತು. ಮತ್ತೊಮ್ಮೆ ಶಡ್ಡು ಹೊಡೆದರು. ಏನೂ ಆಗಲಿಲ್ಲ. ನಾನು “ಆಪಾ!” ಎಂದು ಕೂಗಿದ್ದು ಎರಡು ಓಣಿಗೆ ಕೇಳಿಸಿತಂತೆ.

“ನನಗೂ ಒಂದ ಇರಲಿ, ತಂಗಿ,” ಎಂದರು ರಾಚಪ್ಪನವರು. “ಹಸರಂದು. ಇಂವನ ಕೋಟಿಗಿಂತ ಒಂದ ಗುಂಡಿ ಜಾಸ್ತಿ.”

ನಿನ್ನೆ ಚಾವಡಿಗೆ ಹತ್ತೊಂಬತ್ತು ಜನ ಹೊಸಬರು ಬಂದರು. ಇವತ್ತು ಜಾಗ ಸಾಲದೆ ಅಂಗಳದಲ್ಲಿ ಚಾಪೆ ಹಾಸಿದ್ದೇವೆ. ಬಂದವರಲ್ಲಿ ನನ್ನ ಕಚೇರಿಯ ಇಬ್ಬರೂ ಇದ್ದಾರೆ. ಇನ್ನೂ ಒಂದು ಮಾತು ಕೇಳಿ. ಬಂದವರೆಲ್ಲ ತಮ್ಮ ಅಂಗಿಗೆ ಬಗಲಲ್ಲಿ ಬೇರೆ ಬಣ್ಣದ ಚೌಕವೇ ಬೇಕು ಅನ್ನುತ್ತಿದ್ದಾರೆ, ಹರಿಯದೇ ಇದ್ದರೂ! ಅದಕ್ಕೆ ‘ಹನಮಪ್ಪ ಬಗಲು’ ಎಂದು ಹೆಸರು ಬಿದ್ದಾಗಿದೆ. ನಮ್ಮ ಊರಿನಲ್ಲಿ ನಮ್ಮದೇ ಒಂದು ಫ್ಯಾಷನ್ ಹುಟ್ಟಿದೆ, ಅದು ಯಾವ ಪೆಟ್ಟಿಗೆಯಿಂದಲೂ ಬಂದಿಲ್ಲ.

ಈಗ ನಿಮ್ಮಲ್ಲಿ ನನ್ನ ಬೇಡಿಕೆ. ನಿಮ್ಮ ಕಾಲದ ಚಿತ್ರಗಳು ನಮ್ಮಲ್ಲಿ ಕೋಟಿಗಟ್ಟಲೆ ಇವೆ. ಮದುವೆಯಲ್ಲಿ, ಹಬ್ಬದಲ್ಲಿ, ಕನ್ನಡಿಯ ಮುಂದೆ ಎಷ್ಟು ಚೆಂದದ ಬಟ್ಟೆ ಹಾಕಿಕೊಂಡು ನಿಂತಿದ್ದೀರಿ! ಕೋಟು ಹೊಲಿಯುವ ಮುಂಚೆ ನಾನೂ ಆಪಾನೂ ಸಾವಿರಾರು ಚಿತ್ರ ನೋಡಿದೆವು. ಒಂದರಲ್ಲೂ ಬಟ್ಟೆಯ ಒಳಗಿನ ಮಗ್ಗಲು ಕಾಣಲಿಲ್ಲ. ಬಗಲಿಗೆ ಏನು ಮಾಡುತ್ತಿದ್ದಿರಿ, ಕಾಲರಿನೊಳಗೆ ಏನು ಇಡುತ್ತಿದ್ದಿರಿ, ಒಂದೂ ಗೊತ್ತಾಗಲಿಲ್ಲ. ನಿಮ್ಮ ಓಣಿಯ ದರ್ಜಿಗೆ ಅದು ಕಣ್ಣು ಮುಚ್ಚಿದರೂ ಬರುತ್ತಿರಬೇಕು. ದಯವಿಟ್ಟು ಒಂದು ಅಂಗಿಯನ್ನು ತಿರುವಿ ಹಾಕಿ, ಅದರ ಒಳಹೊಲಿಗೆಯ ಚಿತ್ರ ತೆಗೆದು, ಯಾರು ಹೊಲಿದರು ಎಂದು ಹೆಸರು ಬರೆದಿಡಿ. ನಿಮ್ಮ ಊರಿನಲ್ಲೂ ನಾಲ್ಕು ಜನ ಸೇರಿ ತಮ್ಮ ಬಟ್ಟೆ ತಾವೇ ಮಾಡಿಕೊಳ್ಳುವ ಜಾಗ ಇದ್ದರೆ, ಹೋಗಿ. ನನಗೇನೂ ಬರುವುದಿಲ್ಲ ಎಂದು ಬಾಗಿಲಲ್ಲೇ ಹೇಳಿಬಿಡಿ, ಅವರು ಕೂರಿಸಿಕೊಳ್ಳುತ್ತಾರೆ. ನಾನು ಮೂವತ್ತೆಂಟು ವರ್ಷ ತಡಮಾಡಿದೆ. ನೀವು ಅಷ್ಟು ಕಾಯಬೇಡಿ.

ಕಾಗದ ಇಲ್ಲಿಗೆ ನಿಲ್ಲಿಸಬೇಕು. ರಾಚಪ್ಪ ಪೈಲ್ವಾನರು ಮಂಡಿನೋವಿನಲ್ಲೂ ಓಣಿಗೊಂದು ಕಡೆ ಕೂತು ಎದ್ದು, ಅಳತೆ ಕೊಡಲು ಬಂದಿದ್ದಾರೆ. ಹನಮಪ್ಪನವರು ಜೊತೆಗೇ ಬಂದು, “ಕೈ ಎತ್ತಲೇ, ಪೂರಾ ಎತ್ತು,” ಎಂದು ಬಾಗಿಲಲ್ಲೇ ಅವರನ್ನು ಗದರಿಸುತ್ತಿದ್ದಾರೆ. ನಾನು ಹೋಗಿ ಟೇಪು ಹುಡುಕುತ್ತೇನೆ. ನೀವೆಲ್ಲ ಸುಖವಾಗಿರಿ.

ನಿಮ್ಮ ಮುಂದಿನವಳು,
ನೀಲಗಂಗಾ ಕಟಿಗೇರ
ಹೊಲಿಗಿ ಚಾವಡಿ, ಬೆಟಗೇರಿ